ಇಟ್ಟಿದ್ದೀವಲ್ಲ

ನಾವು ಚಿಕ್ಕವರಿದ್ದಾಗ ಅಟ್ಟದ ಮೇಲೆ ಹಳೆಯ ಪುಸ್ತಕಗಳ ನಡುವೆ ಒಮ್ಮೆ ಇಲಿ ಸತ್ತಿತ್ತು. ನಾನು ಮೂಗು ಹಿಡಿದು ಕೆಳಗೇ ನಿಂತೆ. ತಮ್ಮ ಹತ್ತಿ ಅದನ್ನು ತೆಗೆದ. ಬಣ್ಣದ ಕಾರ್ಖಾನೆಯ ಹಿಂಬದಿಯ ಕೋಣೆ ತೆರೆದಾಗ ಅದೇ ವಾಸನೆ ಮುಖಕ್ಕೆ ಹೊಡೆಯಿತು. ಕೋಣೆಯೆಂದರೆ ಬಳಸದೆ ಬಿಟ್ಟ ಪಾಯಿಖಾನೆ. ಕಡತಗಳ ಕಟ್ಟುಗಳನ್ನು ಗುಂಡಿಯ ಮೇಲೇ ಪೇರಿಸಿದ್ದರು.

ತಮ್ಮ ಆ ಕಾರ್ಖಾನೆಯಲ್ಲಿ ಬಣ್ಣದ ಪುಡಿ ಕಲಸುತ್ತಲೇ ಪ್ರಾಯ ಕಳೆದವನು. ಈಗ ಆಸ್ಪತ್ರೆಯಲ್ಲಿ ಉಸಿರಿಗೆ ತಡಕಾಡುತ್ತಿದ್ದಾನೆ. "ಯಾವ ಪುಡಿ ಅಂತ ಗೊತ್ತಾದರೆ ಮದ್ದು ಬದಲಾಯಿಸಬಹುದು, ಅಮ್ಮಾ" ಎಂದಿದ್ದರು ಡಾಕ್ಟರು. ಅವನಿಗೆ ಗೊತ್ತಿದ್ದದ್ದು ಹಳದಿ, ಕೆಂಪು, ಅಷ್ಟೇ. ಯಾರು ಯಾವ ಪುಡಿ ಮುಟ್ಟಿದರೆಂದು ಕಂಪನಿ ಬರೆದಿಡಬೇಕು ಎಂಬ ನಿಯಮವಿದೆಯೆಂದು ಕೇಳಿ ನಾನು ಬಂದಿದ್ದೆ.

ಮ್ಯಾನೇಜರು ಅತ್ತರಿನ ಕರವಸ್ತ್ರ ಮೂಗಿಗೊತ್ತಿ ಹೊಸ್ತಿಲಾಚೆಯೇ ನಿಂತರು.

"ಇಲ್ಲಿಟ್ಟಿದ್ದೀರಾ ಇದನ್ನ?"

"ನಿಯಮದಲ್ಲಿ ಇಡಬೇಕು ಅಂತಿದೆ. ಇಟ್ಟಿದ್ದೀವಲ್ಲ! ಇಂಥಾ ಕಡೆ ಇಡಬೇಡಿ ಅಂತ ಇದೆಯಾ?" ಹೇಳಿ ತಾವೇ ನಕ್ಕರು.

ಕಸ ಗುಡಿಸುವಾಕೆ ರವಿಕೆಯ ತೋಳು ಮೇಲೇರಿಸಿಕೊಂಡು ಒಳಗೆ ಬಂದಳು. "ನೀವು ಬಗ್ಗಬೇಡಿ ದೊಡ್ಡಮ್ಮಾ, ನಾನು ತೆಗೀತೀನಿ."

ತಮ್ಮನ ವಿಭಾಗದ ಕಟ್ಟು ಸಿಕ್ಕಿತು. ಬಿಚ್ಚಿದರೆ ಹಾಳೆಗಳೆಲ್ಲ ಒಂದೇ ಮುದ್ದೆ, ಇಲಿಯ ಉಚ್ಚೆ ಹೀರಿ ಕೊಳೆತ ಲೋಳೆ. ಬೆರಳಿಗೆ ಮಸಿ ಅಂಟಿತು, ಓದಲು ಒಂದಕ್ಷರ ಉಳಿದಿರಲಿಲ್ಲ. ಮ್ಯಾನೇಜರು ಹೊಸ್ತಿಲಾಚೆಯಿಂದಲೇ ಇಣುಕಿದರು.

"ಅಷ್ಟಕ್ಕೆಲ್ಲ ಯಾಕೆ ಬೇಜಾರು ಅಜ್ಜಿ? ಹೊಸದಾಗಿ ಬರೆಸಿ ಸೀಲ್ ಹಾಕಿ ಕೊಡ್ತೀನಿ. ಯಾವ ಪುಡಿ ಬೇಕು ಹೇಳಿ."

ಯಾವ ಪುಡಿ ಬೇಕು! ಅಂಗಡಿಯಲ್ಲಿ ಕೇಳಿದ ಹಾಗೆ. ಆಗ ಆದ ಹೇಸಿಗೆ ಆ ಲೋಳೆ ಮುಟ್ಟಿದಾಗಲೂ ಆಗಿರಲಿಲ್ಲ.

"ನಿಮ್ಮಪ್ಪನಿಗೂ ಹೀಗೇ ಸುಳ್ಳು ಚೀಟಿ ತೋರಿಸಿ ಮದ್ದು ಕೊಡಿಸ್ತೀರಾ?"

"ಒಳ್ಳೇದಕ್ಕೆ ಹೇಳಿದ್ರೆ..." ಎಂದು ಗೊಣಗುತ್ತಾ ಅವರು ಊಟಕ್ಕೆ ಹೋದರು.

ಅಂಗಳದ ನಲ್ಲಿಯಡಿ ಕೈ ಉಜ್ಜಿದೆ, ಮತ್ತೆ ಉಜ್ಜಿದೆ, ವಾಸನೆ ಬಿಡಲಿಲ್ಲ. ಆಸ್ಪತ್ರೆಗೆ ಹೋಗಿ ಏನೆಂದು ಹೇಳಲಿ? ಅವನು ಅಂದು ಇಲಿಯನ್ನಾದರೂ ಹಿಡಿದುಕೊಂಡು ಇಳಿದಿದ್ದ, ನಾನು ಬರಿಗೈ. ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಗುಡಿಸುವಾಕೆ ತನ್ನ ಬುತ್ತಿ ತಂದಳು. ನನ್ನ ಕೈಗಳನ್ನು ಒಮ್ಮೆ ನೋಡಿದಳು. ಒಂದು ಚಮಚ ಹುಡುಕಿ, ತೊಳೆದು, ಒರೆಸಿ, ಡಬ್ಬಿಯೊಳಗೆ ಸಿಕ್ಕಿಸಿ, ನನ್ನ ಮಡಿಲಲ್ಲಿಟ್ಟಳು.