ಒಂದು ಗೇಣಿನ ಬಾಗಿಲು

ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ತುದಿ ಒದ್ದೆ ಮಾಡಿಕೊಳ್ಳುವಂಥವರು ಹೊಲಿಗೆಯ ಕಥೆ ಹೇಳಲು ಹೊರಡಬಾರದು. ಬಲ್ಲವರು ನಕ್ಕರೆ ನಗಲಿ. ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಲಿ. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಆ ಬೀದಿಯಲ್ಲೇ ಇದ್ದಾರೆ. ಆದರೆ ಅವರೆಲ್ಲ ಈಗ ಇನ್ನೇನೋ ಹೊಲಿಯುತ್ತ ಕೂತಿರುವುದರಿಂದ ಅವರಿಗೆ ಪುರುಸೊತ್ತಿಲ್ಲ. ಹಾಗಾಗಿ ಧೈರ್ಯ ಮಾಡಿದ್ದೇನೆ.

ಆ ಬೀದಿಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಮನೆಯಲ್ಲೂ ಹೊರಗೂ ಇದ್ದ ಅಡ್ಡಹೆಸರು ‘ಅರ್ಧ ಸ್ವೆಟರ್’. ಮದುವೆಯಾದ ಹೊಸತರಲ್ಲಿ ಗಂಡನಿಗೆಂದು ಕಂದು ಉಣ್ಣೆ ತಂದು ಸ್ವೆಟರ್ ಹೆಣೆಯಲು ಕೂತಿದ್ದಳು. ಬೆನ್ನಿನ ಭಾಗ ಕತ್ತಿನವರೆಗೆ ಬಂತು, ಅಲ್ಲೇ ನಿಂತಿತು. ಕೊನೆಯ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೇ ಉಳಿದು, ಕಡ್ಡಿಯ ಸಮೇತ ಪೆಟ್ಟಿಗೆ ಸೇರಿದವು. ಬಸ್ ಓಡಿಸುವ ಗಂಡ ಚಳಿ ಬಂದಾಗಲೆಲ್ಲ, “ಬೆನ್ನಿಗೇನೋ ಬೆಚ್ಚಗಿದೆ ಕಣೇ, ಎದೆಗೆ ಮಾತ್ರ ಚಳಿ” ಎನ್ನುತ್ತಿದ್ದ. ಅದರ ಜೊತೆಗೆ ಬಾಲವಿಲ್ಲದ ಗಿಳಿಯ ಕಸೂತಿ ಇದ್ದ ದಿಂಬಿನ ಚೀಲವೊಂದು, ಒಂದೇ ಕಡೆ ಅಂಚು ಕಟ್ಟಿದ ಮೇಜಿನ ಹೊದಿಕೆಯೊಂದು ಮನೆಯಲ್ಲಿದ್ದವು.

“ಶುರು ಮಾಡೋದು ನನ್ನ ಸೊಸೆ, ಮುಗಿಸೋದು ಆ ದೇವರು” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅತ್ತೆ ಗುಬ್ಬಿಯಂಥ ಪುಟ್ಟ ಹೆಂಗಸು. ಮಾತು ಮಾತ್ರ ಆನೆಯಷ್ಟು.

ಬೀದಿಯ ಕೊನೆಯಲ್ಲೊಂದು ಸಣ್ಣ ಲೈಬ್ರರಿ. ದುರಸ್ತಿ ಮುಗಿದು ಮತ್ತೆ ತೆರೆಯುವುದರಲ್ಲಿತ್ತು. ಪಡುವಣದ ದೊಡ್ಡ ಕಿಟಕಿಯಿಂದ ಸಂಜೆಯ ಬಿಸಿಲು ನೇರವಾಗಿ ಕಪಾಟಿಗೆ ಹೊಡೆದು ಪುಸ್ತಕಗಳ ಬೆನ್ನು ಬಿಳಚಿಕೊಂಡಿದ್ದವು. ಲೈಬ್ರರಿಯ ಮೇಡಂ ಬೀದಿಯವರನ್ನೆಲ್ಲ ಅಲ್ಲೇ ಕೂಡಿಸಿ ತಮ್ಮ ಯೋಚನೆ ಮುಂದಿಟ್ಟರು: ಆ ಕಿಟಕಿಗೆ ಪರದೆ ಕೊಳ್ಳುವುದು ಬೇಡ, ಮಾಡೋಣ. ಪ್ರತಿ ಮನೆಯವರೂ ತಮ್ಮ ಮನೆಯಲ್ಲೇ ಕೂತು ಒಂದೊಂದು ಬಟ್ಟೆಯ ಚೌಕ ಮಾಡಲಿ. ಅದರ ಮೇಲೆ ಅವರವರ ಮನೆಯ ಬಾಗಿಲು ಇರಲಿ. ಹೊಲಿಯಲಿ, ಅಂಟಿಸಲಿ, ಬಣ್ಣ ಬಳಿಯಲಿ. ಎಲ್ಲ ಜೋಡಿಸಿದರೆ ಬೀದಿಗೆ ಬೀದಿಯೇ ಪರದೆಯಾಗುತ್ತದೆ.

“ಇದನ್ನೆಲ್ಲ ಒಟ್ಟು ಮಾಡಿ ಜೋಡಿಸೋ ಜವಾಬ್ದಾರಿ ಯಾರು ತಗೋತೀರಿ?”

ಎಲ್ಲರೂ ತಮ್ಮ ತಮ್ಮ ಚಪ್ಪಲಿಗಳನ್ನು ಪರೀಕ್ಷಿಸತೊಡಗಿದರು. ಅಷ್ಟರಲ್ಲಿ ಗಾಳಿಗೆ ಕಿಟಕಿಯ ಬಾಗಿಲು ಪಟಾರೆಂದಿತು. ಪಕ್ಕದಲ್ಲಿ ಕೂತಿದ್ದ ಅರ್ಧ ಸ್ವೆಟರ್ ಚಿಲಕ ಹಿಡಿಯಲು ಕೈ ಎತ್ತಿದಳು.

“ಅಗೋ, ಕೈ ಎತ್ತಿದ್ರು! ಜೋರಾಗಿ ಚಪ್ಪಾಳೆ!” ಎಂದರು ಮೇಡಂ.

ತಮ್ಮ ತಲೆಯಿಂದ ಭಾರ ಇಳಿದ ಖುಷಿಗೆ ಎಲ್ಲರೂ ಕೈ ಕೆಂಪಾಗುವಂತೆ ತಟ್ಟಿದರು. ಅಷ್ಟು ಚಪ್ಪಾಳೆಯ ನಡುವೆ ಚಿಲಕದ ವಿಷಯ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬಿಡು, ಪರದೇನೂ ಅರ್ಧ ಬರುತ್ತೆ. ಅರ್ಧ ಪುಸ್ತಕಕ್ಕೆ ನೆರಳು, ಅರ್ಧಕ್ಕೆ ಬಿಸಿಲು.”

ಅವಳೂ ನಕ್ಕಳು. ಆದರೆ ರಾತ್ರಿಯ ಪಾತ್ರೆ ತೊಳೆಯುವಾಗ ಆ ಮಾತು ಮುಳ್ಳಿನಂತೆ ಒಳಗೇ ಆಡಿತು. ಸ್ವೆಟರ್ ಅರ್ಧವಾದರೆ ಮನೆಯ ಮಾತು. ಇದು ಇಡೀ ಬೀದಿಯ ಮಾತು. ಇದನ್ನೂ ಅರ್ಧಕ್ಕೆ ಬಿಟ್ಟರೆ ಆ ಹೆಸರು ಅವಳ ಹಣೆಗೇ ಅಂಟಿಕೊಳ್ಳುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಈ ಸಲ ಏನಾದರಾಗಲಿ, ಮುಗಿಸಬೇಕು.

ಮೊದಲ ತೊಡಕು ಅಳತೆಯದು. ಎಲ್ಲರ ಮನೆಯಲ್ಲೂ ಟೇಪ್ ಇರುತ್ತದೆಯೇ? ಇದ್ದರೂ ಬೇಕಾದಾಗ ಸಿಗುತ್ತದೆಯೇ? ಯೋಚಿಸಿ ಯೋಚಿಸಿ ಅವಳಿಗೊಂದು ಉಪಾಯ ಹೊಳೆಯಿತು. ಕೈ ಎಲ್ಲರ ಬಳಿಯೂ ಇರುತ್ತದಲ್ಲ! ಲಾಂಡ್ರಿಗೆ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳತೊಡಗಿದಳು: “ಒಂದು ಗೇಣು ಅಗಲ, ಒಂದು ಗೇಣು ಉದ್ದ. ಮರೀಬೇಡಿ.” ಇಷ್ಟು ಸುಲಭದ ದಾರಿ ತನಗೆ ಹೊಳೆಯಿತಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ಸ್ವಲ್ಪ ಹೆದರಿಕೆಯೂ ಆಯಿತು.

ಬೇಕರಿಯವನು ಹಿಟ್ಟಾದ ಅಂಗಿಗಳ ಗಂಟು ಇಳಿಸಿ ತಲೆ ಕೆರೆದುಕೊಂಡ. “ನಮ್ಮನೇಲಿ ಯಾರಿಗೂ ಸೂಜಿ ಹಿಡಿಯೋಕೆ ಬರಲ್ಲ ಅಕ್ಕಾ.”

“ಆಲೂಗಡ್ಡೆ ಹೆಚ್ಚೋಕೆ ಬರುತ್ತಲ್ಲ? ಅರ್ಧ ಆಲೂಗಡ್ಡೇನ ಚೌಕಾಗಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಬಟ್ಟೆ ಮೇಲೆ ಒತ್ತಿ. ಇಟ್ಟಿಗೆ ಗೋಡೆ ಆಗುತ್ತೆ. ಮಧ್ಯದಲ್ಲಿ ಬಾಗಿಲು ಬಿಡಿ.”

“ಅರ್ಧ ಅಂದ್ರೆ ನಿಮಗೆ ಅದೆಷ್ಟು ಪ್ರೀತಿ ಅಕ್ಕಾ!” ಎಂದು ಅವನು ಅವಳು ಬೈಯುವ ಮೊದಲೇ ಬಾಗಿಲು ದಾಟಿದ.

ಆಮೇಲಿನ ದಿನಗಳಲ್ಲಿ ಆ ಬೀದಿಗೆ ಏನೋ ಹಿಡಿದುಕೊಂಡಿತು. ಸಂಜೆಯಾದರೆ ಎಲ್ಲರ ಊಟದ ಮೇಜಿನ ಮೇಲೂ ಅಂಟು, ಕತ್ತರಿ, ಹಳೆಯ ಕಾಲುಚೀಲಗಳು. ನಿವೃತ್ತ ಮೇಷ್ಟ್ರು ತಮ್ಮ ಬಾಗಿಲಿನ ಅಂಚೆಪೆಟ್ಟಿಗೆಗೆ ನಿಜವಾಗಿ ತೆರೆಯುವ ಮುಚ್ಚಳ ಹೊಲಿದು, ಅದನ್ನು ತೋರಿಸಲೆಂದೇ ತೊಳೆದ ಅಂಗಿಯನ್ನು ಮತ್ತೆ ತೊಳೆಯಲು ತಂದರು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದ ಇಬ್ಬರು ಅಕ್ಕತಂಗಿಯರು ಬಾಗಿಲನ್ನು ಯಾವ ಹಸಿರಿನಲ್ಲಿ ಮಾಡಬೇಕೆಂದು ಜಗಳಾಡುವ ಸಲುವಾಗಿ ಮಾತು ಶುರುಮಾಡಿದರು. ಚಹಾದ ಡಿಕಾಕ್ಷನ್‌ನಲ್ಲಿ ಬಟ್ಟೆ ನೆನೆಸಿದರೆ ಹಳೆ ಮರದ ಬಣ್ಣ ಬರುತ್ತದೆಂದು ಯಾರೋ ಕಂಡುಹಿಡಿದರು. ಆ ಸುದ್ದಿ ಬೀದಿಯುದ್ದಕ್ಕೂ ಹರಿದು ಎಲ್ಲರ ಮನೆಯಲ್ಲೂ ಚಹಾಪುಡಿ ಖಾಲಿಯಾಯಿತು.

ಚೌಕಗಳು ಒಂದೊಂದಾಗಿ ಲಾಂಡ್ರಿಗೆ ಬಂದವು. ಅವಳು ಹಾಗೆಯೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಒಂದು ಸಂಜೆ ಅಂಗಡಿ ಮುಚ್ಚುವಾಗ, ಒಗೆಯಲು ಬಂದ ಬಟ್ಟೆಗಳ ರಾಶಿಯ ಮೇಲೆ ಒಂದು ಪುಟ್ಟ ಚೌಕ ಕಂಡಿತು. ಅದರಲ್ಲಿ ನೀಲಿ ಬಾಗಿಲು, ಪಕ್ಕದಲ್ಲೊಂದು ಕಿಟಕಿ, ಕಿಟಕಿಯಲ್ಲಿ ಹಳದಿ ದಾರದ ಬೆಳಕು. ಹೊಲಿಗೆ ಎಷ್ಟು ಸಣ್ಣದೆಂದರೆ ಹಿಂದೆ ತಿರುಗಿಸಿದರೂ ಗಂಟು ಕಾಣದು. ಯಾರು ಇಟ್ಟರೆಂದು ಅವಳು ನೋಡಿರಲಿಲ್ಲ. ಅದನ್ನೂ ಚೀಲಕ್ಕೆ ಸೇರಿಸಿದಳು.

ಶನಿವಾರ ಮಧ್ಯಾಹ್ನ, ಚೌಕಗಳನ್ನು ಜೋಡಿಸಿ ಹೊಲಿಯಲು ಅವಳು ಕರೆದಿದ್ದ ಬೀದಿಯ ಟೈಲರ್ ತಾತ ಕೊರಳಿಗೆ ಟೇಪ್ ಹಾಕಿಕೊಂಡು, ಹೊಲಿಗೆ ಯಂತ್ರ ಹೊರಿಸಿಕೊಂಡು ಅವಳ ಮನೆಗೆ ಬಂದರು. ಭಾನುವಾರ ಬೆಳಿಗ್ಗೆ ಲೈಬ್ರರಿ ತೆರೆಯುವುದಿತ್ತು. ಅವಳು ಕುರ್ಚಿಗಳನ್ನು ಗೋಡೆಗೆ ಸರಿಸಿ, ಚೀಲವನ್ನು ನೆಲದ ಮೇಲೆ ಸುರಿದು, ಚೌಕಗಳನ್ನು ಸಾಲಾಗಿ ಜೋಡಿಸತೊಡಗಿದಳು.

ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕೈ ನಿಂತಿತು. ಯಾವುದರ ಅಂಚೂ ಯಾವುದಕ್ಕೂ ಕೂಡುತ್ತಿಲ್ಲ. ಬೇಕರಿಯವನದು ಪುಟ್ಟ ದಿಂಬಿನಷ್ಟು. ಮೇಷ್ಟ್ರದು ಅದರ ಮುಕ್ಕಾಲು. ಇನ್ನು ಕೆಲವು ಕರವಸ್ತ್ರವನ್ನು ಮಡಚಿಟ್ಟಷ್ಟು.

ತಾತ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಅಳತೆ ಕೊಟ್ಟಿದ್ದು ಯಾರಮ್ಮಾ?”

“ನಾನೇ ತಾತ.”

“ಟೇಪಲ್ಲಾ?”

“ಗೇಣಲ್ಲಿ.”

“ಯಾರ ಗೇಣು?”

ಅವಳು ತನ್ನ ಕೈಯನ್ನೇ ಮೊದಲ ಸಲ ಕಂಡವಳಂತೆ ನೋಡಿಕೊಂಡಳು. ಬಾಗಿಲ ಬಳಿ ನಿಂತಿದ್ದ ಅತ್ತೆ ತಮ್ಮ ಗುಬ್ಬಿಗೈಯನ್ನು ಅಗಲಿಸಿ ಬೇಕರಿಯವನ ಚೌಕದ ಮೇಲಿಟ್ಟರು. ಅರ್ಧ ದಾಟಿ ಅಲ್ಲೇ ನಿಂತಿತು.

“ಐದು ಬೆರಳೇ ಸಮ ಇಲ್ಲ ಅಂತಾರೆ. ಇವಳು ಬೀದಿಯೋರ ಗೇಣೆಲ್ಲ ಸಮ ಅಂದ್ಕೊಂಡಿದ್ದಾಳೆ!”

ತಾತ ಕತ್ತರಿ ತೆಗೆದರು. “ಹೆದರಬೇಡ. ಎಲ್ಲಕ್ಕಿಂತ ಚಿಕ್ಕದು ಯಾವುದೋ ಆ ಅಳತೆಗೆ ಎಲ್ಲಾನೂ ಕತ್ತರಿಸಿಬಿಡೋಣ. ಸಂಜೆಗೆ ಮುಗಿಯುತ್ತೆ.”

ಮುಗಿಯುತ್ತೆ. ಅವಳಿಗೆ ಬೇಕಾಗಿದ್ದ ಮಾತು ಅದೊಂದೇ. ಅವಳು ತಲೆಯಾಡಿಸಿ ಬೇಕರಿಯವನ ಚೌಕವನ್ನೇ ಮೊದಲು ಎತ್ತಿಕೊಂಡಳು. ಆಲೂಗಡ್ಡೆ ಇಟ್ಟಿಗೆಗಳ ನಡುವೆ ಕೆಂಪು ಬಾಗಿಲು. ಹೊಸ್ತಿಲ ಮೇಲೆ ಬೆಕ್ಕು. ಅಂಚಿನಲ್ಲಿ ಸಾಲಾಗಿ ಮನೆಮಂದಿಯ ಹೆಬ್ಬೆರಳಿನ ಗುರುತು, ಒಂದೊಂದಕ್ಕೂ ಎರಡು ಕಣ್ಣು, ಒಂದು ಮೂಗು. ತಾತ ಸೀಮೆಸುಣ್ಣದಲ್ಲಿ ಎಳೆದ ಗೆರೆ ಬೆಕ್ಕನ್ನು ಎರಡು ಹೋಳು ಮಾಡಿ, ಹೆಬ್ಬೆರಳುಗಳನ್ನೆಲ್ಲ ಆಚೆಗೆ ಬಿಟ್ಟಿತು.

“ಬೇಡ ತಾತ.”

“ಹಾಗಾದ್ರೆ ಮುಗಿಯಲ್ಲಮ್ಮಾ.”

“ಕತ್ತರಿಸಿದ್ರೆ ಮುಗಿಯುತ್ತೆ, ಆದರೆ ಎಲ್ಲರದ್ದೂ ಅರ್ಧ ಆಗುತ್ತೆ.” ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅತ್ತೆ ಏನಾದರೂ ಅನ್ನುತ್ತಾರೆಂದು ಕಾದಳು. ಅತ್ತೆ ಬಗ್ಗಿ ಬೆಕ್ಕಿನ ಮೇಲಿನ ಸೀಮೆಸುಣ್ಣದ ಗೆರೆಯನ್ನು ಸೆರಗಿನಿಂದ ಒರೆಸಿದರು.

ಅವಳು ನೆಲದ ಮೇಲೆ ಕೂತು ಆ ರಾಶಿಯನ್ನು ದಿಟ್ಟಿಸಿದಳು. ದಿನಾ ಬೆಳಗಾದರೆ ಅವಳ ಮುಂದೆ ಇಂಥದೇ ರಾಶಿ ಇರುತ್ತದಲ್ಲವೇ? ಹಾಸಿಗೆಯ ಚಾದರ, ಪ್ಯಾಂಟು, ಮಗುವಿನ ಟೊಪ್ಪಿ, ಕರವಸ್ತ್ರ. ಎಲ್ಲವೂ ಸಮ ಇದ್ದರೆ ತಾನೇ ಗಂಟು ಕಟ್ಟುವುದು ಎಂದು ಅವಳು ಎಂದಾದರೂ ಕೂತಿದ್ದಾಳೆಯೇ? ದೊಡ್ಡದು ಕೆಳಗೆ, ನಡುವಿನದು ಅದರ ಮೇಲೆ, ಸಂದಿಯಲ್ಲಿ ಚಿಕ್ಕದು. ಅವಳು ಬೇಕರಿಯವನ ಚೌಕವನ್ನು ಕೆಳಗಿನ ಮೂಲೆಗೆ ಇಟ್ಟಳು. ಅದರ ಮಗ್ಗುಲಿಗೆ ಮೇಷ್ಟ್ರ ಮನೆ, ಮೇಷ್ಟ್ರ ತಲೆಯ ಮೇಲೆ ಅಕ್ಕತಂಗಿಯರು, ಅವರ ಪಕ್ಕದ ಸಂದಿಗೆ ನೀಲಿ ಬಾಗಿಲು. ಅದು ಅಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಕೈಗಳು ತಾವಾಗಿಯೇ ಓಡತೊಡಗಿದವು.

“ಇದು ಪರದೆಯೋ, ಗೋಡೆ ಬಿದ್ದ ಜಾಗವೋ?” ಎಂದು ಗೊಣಗುತ್ತ ತಾತ ಯಂತ್ರದ ಮುಂದೆ ಕೂತರು. ಅತ್ತೆ ಒಳಗಿನಿಂದ ಹಳೆಯ ಚಾದರವೊಂದನ್ನು ತಂದು ಎಲ್ಲಕ್ಕೂ ಅಡಿಬಟ್ಟೆಯಾಗಲೆಂದು ಕೊಟ್ಟರು. ಯಂತ್ರ ಕಟಕಟ ಶುರುವಾಯಿತು.

ಕೆಲಸ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು ನೋಡಿದ. “ಭಲೆ! ನಮ್ಮ ಬೀದಿ ಹೀಗೇ ತಾನೇ ಇರೋದು? ಒಬ್ಬರ ಮೇಲೊಬ್ಬರು ಬಿದ್ದುಕೊಂಡು.” ಆಮೇಲೆ ಬಗ್ಗಿ ಹುಡುಕಿದ. “ನಮ್ಮನೆ ಎಲ್ಲಿ?”

ಯಂತ್ರ ನಿಂತಿತು. ಪರದೆಯ ನಟ್ಟನಡುವೆ ಒಂದು ಜಾಗ ಖಾಲಿ ಉಳಿದಿತ್ತು. ಯಾವ ತುಂಡಿಟ್ಟರೂ ತುಂಬದೆ ಅವಳನ್ನು ಆಗಿನಿಂದ ಕಾಡುತ್ತಿದ್ದ ಜಾಗ. ಊರಿಗೆಲ್ಲ ಹೇಳಿ, ನೆನಪಿಸಿ, ಬೆನ್ನು ಹತ್ತಿ ಮಾಡಿಸಿದವಳು ತನ್ನ ಮನೆಯ ಬಾಗಿಲನ್ನೇ ಮರೆತಿದ್ದಳು.

“ಅಯ್ಯೋ!” ಎಂದು ಅವಳು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು.

ಅತ್ತೆ ಎದ್ದು ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳದ ಸದ್ದಾಯಿತು. ಬಂದು ಅವಳ ಮಡಿಲಿಗೆ ಕಂದು ಸ್ವೆಟರಿನ ಬೆನ್ನನ್ನು ಹಾಕಿದರು, ಕಡ್ಡಿಯ ಸಮೇತ.

“ನನ್ನ ಸ್ವೆಟರು!” ಗಂಡ ಕೂಗಿದ.

“ಯಾವತ್ತು ಹಾಕ್ಕೊಂಡಿದ್ದೆಯೋ?” ಎಂದರು ಅತ್ತೆ.

“ಹಾಕ್ಕೊಳ್ಳೋ ಆಸೆ ಇತ್ತಲ್ಲಮ್ಮಾ.”

ಅವಳು ಅದನ್ನು ಖಾಲಿ ಜಾಗದ ಮೇಲೆ ಹರಡಿದಳು. ಕೆಳಗೆ ಅಗಲ, ತೋಳಿನ ಬಳಿಯಿಂದ ಮೇಲೆ ಕಿರಿದು. ಕಮಾನಿನ ಬಾಗಿಲಿನಂತೆ ಕಂಡಿತು. ಆದರೆ ಕಡ್ಡಿ ಎಳೆದರೆ ಕುಣಿಕೆಗಳೆಲ್ಲ ಬಿಚ್ಚಿಹೋಗುತ್ತವೆ. ಅವಳು ಗೋಡೆಗೊರಗಿ ಕೂತು, ಕುಣಿಕೆಯೊಳಗಿಂದ ಕುಣಿಕೆ ಎಳೆದು, ಆ ಸಾಲನ್ನು ಒಂದೊಂದಾಗಿ ಮುಚ್ಚುತ್ತ ಹೋದಳು. ಕೊನೆಯ ಕುಣಿಕೆಯಲ್ಲಿ ದಾರ ತೂರಿಸಿ ಬಿಗಿದಾಗ ಕಡ್ಡಿ ಬರಿದಾಗಿ ಟಣ್ಣೆಂದು ನೆಲಕ್ಕೆ ಬಿತ್ತು.

“ನಮ್ಮನೆ ಬಾಗಿಲು ಕಮಾನಾಗಿದ್ದು ಯಾವಾಗ?” ಅತ್ತೆ ಕೇಳಿದರು. ದನಿ ಮಾತ್ರ ಯಾಕೋ ಮೆತ್ತಗಿತ್ತು.

“ಇವತ್ತಿಂದ ಅತ್ತೆ.”

ಬಾಗಿಲಿಗೆ ಹಿಡಿ ಬೇಕಲ್ಲ. ಗಂಡ ತನ್ನ ಅಂಗಿಯಿಂದ ಒಂದು ಗುಂಡಿ ಕಿತ್ತುಕೊಟ್ಟು, “ಇನ್ನು ಈ ಅಂಗೀನೂ ಅರ್ಧ” ಎಂದ.

ಭಾನುವಾರ ಬೆಳಿಗ್ಗೆ ಪರದೆ ಕಿಟಕಿಗೆ ಏರಿತು. ಎಲ್ಲರೂ ಮೊದಲು ತಮ್ಮ ಬಾಗಿಲು ಹುಡುಕಿದರು, ಆಮೇಲೆ ಪಕ್ಕದವರದನ್ನು. “ನಮ್ಮದೇ ದೊಡ್ಡ ಬಂಗಲೆ!” ಎಂದು ಬೇಕರಿಯವನು ಎದೆ ಸೆಟೆಸಿದ. “ಗುಡಿಸೋಕೆ ನಾವು ಬರಲ್ಲ” ಎಂದರು ಅಕ್ಕತಂಗಿಯರು, ಇಬ್ಬರೂ ಒಟ್ಟಿಗೇ. ಮೇಷ್ಟ್ರ ಅಂಚೆಪೆಟ್ಟಿಗೆಯ ಮುಚ್ಚಳವನ್ನು ತೆರೆದು ಮುಚ್ಚಿ, ಮಧ್ಯಾಹ್ನದೊಳಗೆ ಮಕ್ಕಳು ಅದರ ಹೊಲಿಗೆ ಸಡಿಲ ಮಾಡಿದರು.

ಮೇಡಂ ಸುತ್ತ ನೋಡಿ ಕೇಳಿದರು: “ಅರ್ಧ ಸ್ವೆಟರ್ ಎಲ್ಲಿ? ಕರೀರಿ ಅವರನ್ನ.”

ಅತ್ತೆ ಗುಂಪಿನ ನಡುವಿನಿಂದ ಕೈ ಚಾಚಿ ಪರದೆಯನ್ನು ತೋರಿಸಿದರು. “ಅಗೋ, ಅರ್ಧ ಸ್ವೆಟರ್ ಅಲ್ಲಿದೆ. ನನ್ನ ಸೊಸೇನ ಇನ್ನು ಹಾಗೆ ಕರೀಬೇಡಿ. ಯಾರು ಯಾವುದು ಅಂತ ಗೊಂದಲ ಆಗುತ್ತೆ.”

ಎಲ್ಲರೂ ನಕ್ಕರು. ಅವಳು ಚಿಲಕ ಸರಿಮಾಡುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಗಂಡನಿಗೆ ಹೊಸ ಸ್ವೆಟರ್ ಈಗ ಶುರುವಾಗಿದೆ. ಈ ಸಲ ಎದೆಯ ಕಡೆಯಿಂದ.

ಇಷ್ಟು ಹೇಳಿದ ಮೇಲೆ ಹೇಳಲಾಗದ್ದೊಂದು ಉಳಿದಿದೆ. ಆ ನೀಲಿ ಬಾಗಿಲು. ಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ನಡೆದರೂ ನೀಲಿ ಬಾಗಿಲಿನ ಮನೆ ಒಂದೂ ಇಲ್ಲ. ಗೇಣು ಚಿಕ್ಕದು, ಆದ್ದರಿಂದ ಮಗುವಿನದು ಎನ್ನುತ್ತಾರೆ ಮೇಷ್ಟ್ರು. ಮಗುವಿನ ಕೈಗೆ ಅಷ್ಟು ಸಣ್ಣ ಹೊಲಿಗೆ ಬಾರದು ಎನ್ನುತ್ತಾರೆ ಟೈಲರ್ ತಾತ. ಅತ್ತೆಯ ಗೇಣಿಗೆ ಸರಿಹೊಂದುತ್ತದೆಯೇ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, “ನನಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಎಂದು ಅವರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಅದು ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ. ನನಗೂ ಗೊತ್ತಿಲ್ಲ.