ಕಫ ಹೋಗುವ ದಿಕ್ಕು

ವೈದ್ಯಕೀಯ ಕಾಲೇಜಿನ ಅಂಗಾಂಶ ವಿಭಾಗದಲ್ಲಿ ಅವಳು ಟ್ಯೂಟರ್. ಬೆನ್ನ ಹಿಂದೆ ಹುಡುಗರು ಕರೆಯುತ್ತಿದ್ದುದು ಲೋಳೆ ಮೇಡಂ ಎಂದು. ಶ್ವಾಸನಾಳದ ಒಳಗೋಡೆಯ ಪಾಠ ಬಂತೆಂದರೆ ಊಟದ ಗಂಟೆ ಹೊಡೆದರೂ ಅವಳು ಬಿಡುತ್ತಿರಲಿಲ್ಲ. ಗೋಡೆಯ ಕೆಲವು ಕೋಶಗಳು ಲೋಳೆ ಸುರಿಸುತ್ತವೆ, ಉಸಿರಿನ ಜೊತೆ ಬಂದ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ, ಪಕ್ಕದ ಕೋಶಗಳ ತಲೆಯ ಮೇಲಿರುವ ಲೋಮಾಂಗಗಳೆಂಬ ಕಣ್ಣಿಗೆ ಕಾಣದ ಕೂದಲುಗಳು ಆ ಲೋಳೆಯನ್ನು ಗಂಟಲಿನ ಕಡೆಗೆ ಗುಡಿಸುತ್ತಲೇ ಇರುತ್ತವೆ. ಯಾವ ಕಡೆಗೆ ಎಂದು ಅವಳು ಕೇಳಬೇಕು, ಮೇಲಕ್ಕೆ ಎಂದು ತರಗತಿ ಆಕಳಿಸುತ್ತಲೇ ಹೇಳಬೇಕು. ವರ್ಷ ವರ್ಷವೂ ಇದೇ ಕವಾಯತು.

ಆ ಗೋಡೆಯಲ್ಲಿ ಇನ್ನೊಂದು ಬಗೆಯ ಕೋಶವಿದೆ. ಗಿಡ್ಡ. ಬುಡದಲ್ಲಿ ಕೂತಿರುತ್ತದೆ, ಗಾಳಿಯ ಮುಖ ಕಾಣುವುದಿಲ್ಲ, ಮೇಲಿನವರು ಯಾರಾದರೂ ಸತ್ತರೆ ಬೆಳೆದು ಅವರ ಜಾಗ ತುಂಬುತ್ತದೆ. ಇದರ ಬಗ್ಗೆ ಹೇಳುವಾಗ ಮಾತ್ರ ಅವಳ ದನಿ ಇಳಿಯುತ್ತಿತ್ತು. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೇಲಿನವರು ಯಾರೂ ಸಾಯುವ ಲಕ್ಷಣ ಇರಲಿಲ್ಲ. ಸಾಯುವುದಿರಲಿ, ಅವರು ಕಾಲೇಜಿಗೇ ಬರುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಶ್ವಾಸನಾಳದ ಗೋಡೆ ನಾಲ್ಕೈದು ಪದರ ಇದ್ದಂತೆ ಕಾಣುತ್ತದೆ, ನಿಜಕ್ಕೂ ಇರುವುದು ಒಂದೇ ಪದರ. ವಿಭಾಗವೂ ಹಾಗೆಯೇ. ಬಾಗಿಲ ಪಕ್ಕದ ಫಲಕದಲ್ಲಿ ಪ್ರೊಫೆಸರುಗಳ ಹೆಸರುಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿದಿದ್ದವು. ಕಾಲೇಜಿಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬರುವ ದಿನ ಅವರೆಲ್ಲ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ಬಂದು, ಶೌಚಾಲಯ ಎಲ್ಲಿದೆ ಎಂದು ಅವಳನ್ನೇ ಕೇಳುತ್ತಿದ್ದರು.

ವಿಭಾಗದ ಮುಖ್ಯಸ್ಥರು ಮಾತ್ರ ದಿನಾ ಬರುತ್ತಿದ್ದರು. ಮನೆಯಲ್ಲಿ ಫ್ಯಾನು ಕೆಟ್ಟಿರಬೇಕು ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಈ ಸಲದ ತಪಾಸಣೆಗೆ ಅವರಿಗೊಂದು ಮಾದರಿ ಬೇಕಿತ್ತು. ಶ್ವಾಸನಾಳದ್ದು, ಆಳೆತ್ತರದ್ದು, ಓಡುವಂಥದ್ದು. ನಿಂತ ಮಾದರಿಗಳನ್ನು ನೋಡಿ ನೋಡಿ ತಪಾಸಕರಿಗೆ ನಿದ್ದೆ ಬರುತ್ತದಂತೆ. ಇದೊಂದನ್ನು ದಡ ಮುಟ್ಟಿಸಿದರೆ ನಿಮ್ಮ ಕಾಯಂ ಆದೇಶಕ್ಕೆ ಆಡಳಿತ ಮಂಡಳಿ ಅಧ್ಯಕ್ಷರ ಸಹಿ ಅವತ್ತೇ ಹಾಕಿಸುತ್ತೇನೆ ಎಂದರು. ಅವರ ಮಾತಿನ ತೂಕ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮನೆಯಲ್ಲಿ ಅಮ್ಮ ಹಾಲು ಬಂತಾ ಎಂದು ಕೇಳುವ ಧಾಟಿಯಲ್ಲೇ ಪ್ರತಿ ಸಂಜೆ ಆರ್ಡರ್ ಬಂತಾ ಎಂದು ಕೇಳುತ್ತಿದ್ದಳು.

ಸೋದರಮಾವನಿಗೆ ಬಾಟಲಿ ತೊಳೆಯುವ ಬ್ರಷ್ಷು ಮಾಡುವ ಸಣ್ಣ ಕಾರ್ಖಾನೆಯಿತ್ತು. ಅವಳು ಅವನ ಬೆನ್ನು ಹತ್ತಿದಳು. ಒಳಗೆ ಕಾಣುವಂತೆ ಉದ್ದಕ್ಕೆ ಸೀಳಿದ ಪ್ಲೈವುಡ್ಡಿನ ಕೊಳವೆ ಸಿದ್ಧವಾಯಿತು. ಸೈಕಲ್ ಟೈರು ಕತ್ತರಿಸಿ, ಬೆನ್ನ ಕಡೆ ಬಾಯಿ ಬಿಟ್ಟ ಮೃದ್ವಸ್ಥಿಯ ಉಂಗುರಗಳನ್ನು ಕೂರಿಸಿದರು. ಕೊಳವೆಯ ಒಳಗೆ ನೈಲಾನ್ ಕೂದಲು ಹೊಲಿದ ರಬ್ಬರ್ ಪಟ್ಟಿ, ಅದನ್ನು ಓಡಿಸಲು ಹಳೆಯ ಬಾಟಲಿ ಯಂತ್ರದ ಮೋಟರು. ಬುಡದಲ್ಲಿ ಶ್ವಾಸಕೋಶದ ಬದಲಿಗೆ ದಪ್ಪ ಸ್ಪಂಜು. ಹಳದಿ ಅಂಟಿನಲ್ಲಿ ಅದ್ದಿದ ಥರ್ಮೋಕೋಲ್ ಗುಂಡುಗಳೇ ಕಫ. ಮಾವನಿಗೆ ಈ ವಿದ್ಯೆಯ ಬಗ್ಗೆ ಎಳ್ಳಷ್ಟೂ ಗೌರವ ಇರಲಿಲ್ಲ. "ಶ್ವಾಸನಾಳ ಅನ್ನು, ಇನ್ನೊಂದು ನಾಳ ಅನ್ನು, ನನಗೆ ಎಲ್ಲಾ ಬಾಟ್ಲೀನೇ ಕಣೇ" ಎಂದು ಹೇಳಿ ಕೊಳವೆಯ ಬಾಯಿಗೆ ಮೂಗಿಟ್ಟು ನೋಡಿದ.

ತಪಾಸಣೆಯ ಹಿಂದಿನ ದಿನ ಮುಖ್ಯಸ್ಥರ ಮುಂದೆ ಅದನ್ನು ಓಡಿಸಿದರು. ನೈಲಾನ್ ಕೂದಲುಗಳು ಸರಸರ ಸರಿದವು, ಗುಂಡುಗಳು ಒಂದರ ಹಿಂದೊಂದು ಮೇಲೇರಿದವು. ಅವಳಿಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಗುಂಡುಗಳು ಕೊಳವೆಯ ಬಾಯಿಂದ ಹಾರಿ, ಮುಖ್ಯಸ್ಥರ ಹೊಸ ಬೂಟಿನ ಮೇಲೆ ಬಿದ್ದು ಅಂಟಿಕೊಂಡವು.

"ನಾಳೆ ಅಧ್ಯಕ್ಷರು ನಿಲ್ಲೋ ಜಾಗ ಇದು. ಅವರ ಮೇಲೆ ಕಫ ಉಗೀತೀರೇನಮ್ಮಾ? ಒಳಗೆ ಹೋಗೋ ಹಾಗೆ ಮಾಡಿ."

"ಸಾರ್, ಒಳಗೆ ಹೋದ್ರೆ ಮನುಷ್ಯ ಸಾಯ್ತಾನೆ."

"ಇದು ಪ್ಲೈವುಡ್ಡಮ್ಮ. ಸಾಯಲ್ಲ."

ಮುಂದೊಂದು ತಟ್ಟೆ ಇಡುತ್ತೇನೆ, ಕೊಳವೆಯ ಮುಖ ಗೋಡೆ ಕಡೆ ತಿರುಗಿಸುತ್ತೇನೆ ಎಂದೆಲ್ಲ ಅವಳು ಹೇಳಿ ನೋಡಿದಳು. ಅವರು ಆಗಲೇ ಬೂಟು ಒರೆಸಲು ಅವಳ ಮೇಜಿನ ಬಟ್ಟೆ ತೆಗೆದುಕೊಂಡಿದ್ದರು. ಮಾವ ಮೋಟರಿನ ಬೆಲ್ಟು ಬಿಚ್ಚಿ, ಒಂದು ಸಲ ತಿರುಚಿ ಅಡ್ಡ ಹಾಕಿದ. ಪಟ್ಟಿ ಹಿಮ್ಮುಖ ಓಡಿತು. ಗಂಟಲಲ್ಲಿ ಇಟ್ಟ ಕಫ ಶಿಸ್ತಾಗಿ ಶ್ವಾಸಕೋಶಕ್ಕೆ ಇಳಿಯಿತು.

ಮರುದಿನ ಫಲಕದಲ್ಲಿದ್ದ ಹೆಸರುಗಳಿಗೆಲ್ಲ ಕೈಕಾಲು ಬಂದು ಸಾಲಾಗಿ ನಿಂತವು. ಮೈಯಿಡೀ ಸಿಗರೇಟಿನ ವಾಸನೆ ಹೊತ್ತ ಅಧ್ಯಕ್ಷರು, ಪಕ್ಕದಲ್ಲಿ ಫೈಲು ಹಿಡಿದ ಆಪ್ತ ಸಹಾಯಕ, ಅವರ ಹಿಂದೆ ಕನ್ನಡಕದ ತಪಾಸಕರು. ಮೋಟರು ಗುರುಗುಟ್ಟಿತು, ಗುಂಡುಗಳು ಇಳಿದು ಸ್ಪಂಜಿಗೆ ಅಂಟಿದವು. ಅಧ್ಯಕ್ಷರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ತಪಾಸಕರು ಮಾತ್ರ ಬಗ್ಗಿದರು. ಇದು ಕೆಳಗೆ ಹೋಗುತ್ತಿದೆಯಲ್ಲ ಎಂದು ಕೇಳಿದರು.

ಪ್ರೊಫೆಸರುಗಳು ಚಾವಣಿಯನ್ನು ಅಧ್ಯಯನ ಮಾಡತೊಡಗಿದರು. ಮುಖ್ಯಸ್ಥರಿಗೆ ಒಮ್ಮೆಲೇ ಔದಾರ್ಯ ಉಕ್ಕಿತು. "ನಮ್ಮ ಮೇಡಂ ಹೇಳ್ತಾರೆ ಸಾರ್. ಪೂರ್ತಿ ಅವರದೇ ಐಡಿಯಾ."

ಅವಳು ಆಪ್ತ ಸಹಾಯಕನ ಫೈಲಿನ ಕಡೆ ನೋಡಿದಳು. ತನ್ನ ಆದೇಶ ಅದರಲ್ಲೇ ಇತ್ತು, ಅಂಚು ಸ್ವಲ್ಪ ಹೊರಗೆ ಇಣುಕುತ್ತಿತ್ತು. ಬೆಲ್ಟು ಅಡ್ಡ ಬಿದ್ದಿದೆ ಎಂದು ಹೇಳಿದರೆ ಮುಗಿಯಿತು, ಮಾತೂ, ನೌಕರಿಯೂ.

"ಇದು ಸಿಗರೇಟು ಸೇದೋರ ಶ್ವಾಸನಾಳ ಸಾರ್. ಹೊಗೆ ಕುಡಿದೂ ಕುಡಿದೂ ಲೋಮಾಂಗಗಳಿಗೆ ದಿಕ್ಕು ತಪ್ಪುತ್ತೆ. ಉಲ್ಟಾ ಗುಡಿಸ್ತವೆ."

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಹೊಗೆಗೆ ಆ ಕೂದಲುಗಳು ಸೋಲುತ್ತವೆ, ಗಿಡ್ಡವಾಗುತ್ತವೆ, ಉದುರುತ್ತವೆ. ಕಡ್ಡಿ ಉದುರಿದ ಪೊರಕೆ ಗುಡಿಸುವುದನ್ನು ಬಿಡುತ್ತದೆಯೇ ಹೊರತು ತಿರುಗಿಕೊಂಡು ಗುಡಿಸುವುದಿಲ್ಲ. ಇದನ್ನು ಅವಳೇ ಎಷ್ಟೋ ತಂಡಗಳಿಗೆ ಹೇಳಿಕೊಟ್ಟಿದ್ದಳು. ತಪಾಸಕರು ಕನ್ನಡಕ ಸರಿಪಡಿಸಿಕೊಂಡು ಅವಳ ಮುಖ ನೋಡಿದರು. ಅವರು ಸ್ಲೈಡು ನೋಡಿ ಯಾವ ಕಾಲವಾಗಿತ್ತೋ. "ಹೌದು ಹೌದು, ನಾನೂ ಓದಿದ್ದೆ" ಎಂದರು.

ಅಧ್ಯಕ್ಷರು ಬಿಳುಚಿಕೊಂಡರು. ಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದು ಎಲ್ಲರ ಎದುರೇ ಕಸದ ಬುಟ್ಟಿಗೆ ಹಾಕಿದರು. ಮತ್ತೊಂದು ಸುತ್ತು ಚಪ್ಪಾಳೆ. ಆ ತ್ಯಾಗದ ಉಮೇದಿನಲ್ಲೇ ಅವಳ ಆದೇಶಕ್ಕೆ ಸಹಿಯನ್ನೂ ಎಳೆದರು. ಪ್ಯಾಕನ್ನು ಆಪ್ತ ಸಹಾಯಕ ಆಮೇಲೆ ಬಂದು ಬುಟ್ಟಿಯಿಂದ ಎತ್ತಿಕೊಂಡು ಹೋದ. ಯಾರಿಗಾಗಿ ಎಂದು ಅವಳು ಕೇಳಲಿಲ್ಲ.

ವಾರ ಕಳೆದು ಮಾವ ಬೆಲ್ಟು ನೇರ ಮಾಡಲು ಬಂದ. ಅಷ್ಟರಲ್ಲಿ ಮಾದರಿ ಮ್ಯೂಸಿಯಂ ಸೇರಿತ್ತು. ಧೂಮಪಾನಿಯ ಶ್ವಾಸನಾಳ ಎಂಬ ಹಿತ್ತಾಳೆ ಫಲಕ, ಅದರ ಕೆಳಗೆ ಮುಖ್ಯಸ್ಥರ ಹೆಸರು.

"ಚಿಟಿಕೆ ಹೊಡೆಯೋದ್ರೊಳಗೆ ಆಗೋ ಕೆಲಸ ಕಣೇ. ತಿರುಗಿಸಿ ಬಿಡ್ಲಾ?"

"ಬೇಡ ಮಾವ. ಇರ್ಲಿ ಬಿಡು."

ಮಾವ ಅವಳನ್ನೊಮ್ಮೆ, ಫಲಕವನ್ನೊಮ್ಮೆ ನೋಡಿ, ಬಾಟಲಿ ತೊಳೆಯುವುದು ಎಷ್ಟೋ ಮರ್ಯಾದೆಯ ಕೆಲಸ ಎಂದು ಗೊಣಗಿಕೊಂಡು ಸ್ಕ್ರೂಡ್ರೈವರ್ ಜೇಬಿಗಿಳಿಸಿದ.

ಪರೀಕ್ಷೆಗೆ ಮುಖ್ಯಸ್ಥರು ಅದನ್ನೇ ಪ್ರಶ್ನೆ ಮಾಡಿ ಕೊಟ್ಟರು, ಹೊಗೆ ಕುಡಿದರೆ ಲೋಮಾಂಗಗಳು ಏನಾಗುತ್ತವೆ ಎಂದು. ತರಗತಿಗೆ ತರಗತಿಯೇ ಉಲ್ಟಾ ಗುಡಿಸುತ್ತವೆ ಎಂದು ಬಾಣದ ಗುರುತು ಹಾಕಿ ಬರೆಯಿತು. ಉದುರುತ್ತವೆ, ದಿಕ್ಕು ಬದಲಾಗುವುದಿಲ್ಲ ಎಂದು ಬರೆದವಳು ಒಬ್ಬಳೇ, ಹಿಂದಿನ ವರ್ಷ ಫೇಲಾಗಿ ಅದೇ ತರಗತಿಯಲ್ಲಿ ಕೂತಿದ್ದ ಹುಡುಗಿ. ಮುಖ್ಯಸ್ಥರು ಕೊಟ್ಟ ಉತ್ತರ ಸೂಚಿಯ ಪ್ರಕಾರ ಮೇಡಂ ಅದಕ್ಕೆ ಸೊನ್ನೆ ಸುತ್ತಿದಳು. ಹುಡುಗಿ ಈ ಸಲವೂ ಕೂದಲೆಳೆಯಲ್ಲಿ ಫೇಲಾದಳು, ಉತ್ತರ ಪತ್ರಿಕೆ ಹಿಡಿದು ನೇರ ಮೇಡಂ ಕೋಣೆಗೆ ಬಂದಳು.

"ಹೋದ ವರ್ಷ ಇದನ್ನ ಬರೀಲಿಲ್ಲ ಅಂತ ಫೇಲ್ ಮಾಡಿದ್ರಿ ಮೇಡಂ. ಈ ವರ್ಷ ಬರೆದೆ ಅಂತ ಮಾಡಿದ್ದೀರಿ. ಮುಂದಿನ ವರ್ಷ ಏನು ಬರೀಲಿ?"

ಮೇಡಂ ಅವಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಸ್ವಿಚ್ಚು ಹಾಕಿದಳು. ಗುಂಡುಗಳು ಇಳಿದವು. ಸ್ಪಂಜಿನಲ್ಲಿ ಜಾಗ ಉಳಿದಿರಲಿಲ್ಲ, ಒಂದರ ಮೇಲೊಂದು ಹತ್ತಿ ಹಳದಿ ಗಂಟಾಗಿದ್ದವು.

"ಯಾವ ಕಡೆಗೆ ಹೋಗ್ತಿದೆ?"

ಹುಡುಗಿ ಕೊಳವೆ ನೋಡಲಿಲ್ಲ, ಮೇಡಂ ಮುಖವನ್ನೇ ನೋಡಿದಳು.

"ಕೆಳಕ್ಕೆ ಮೇಡಂ" ಎಂದಳು. ಉತ್ತರ ಪತ್ರಿಕೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿದಳು. "ನಿಮ್ಮದು ಕಾಯಂ ಆಯ್ತಂತಲ್ಲ ಮೇಡಂ. ಒಳ್ಳೇದಾಯ್ತು."

ಮೋಟರು ಬಿಸಿಯಾಗಿ ಸುಟ್ಟ ವಾಸನೆ ಬರತೊಡಗಿತ್ತು. ಮೇಡಂಗೆ ಗಂಟಲು ಕೆರೆದು ಕೆಮ್ಮು ಬಂತು. ಬಾಯಿಗೆ ಬಂದದ್ದನ್ನು ಉಗುಳಲು ಅಲ್ಲಿ ಜಾಗ ಇರಲಿಲ್ಲ. ನುಂಗಿಕೊಂಡು, ಸ್ವಿಚ್ಚು ಆರಿಸಿದಳು.