ಒಂಬತ್ತು ತೊಟ್ಟಿ, ನಾಲ್ಕು ಬೋಲ್ಟು

ಸಹೃದಯ ವಾಚಕರೇ, ತಾವು ನಲ್ಲಿ ತಿರುಗಿಸಿ ತುಂಬಿಕೊಳ್ಳುವ ನೀರು ಬಹು ಎತ್ತರದಿಂದ ಇಳಿದು ಬರುತ್ತದೆ. ಆ ಎತ್ತರದಲ್ಲಿ ನಡೆದುದನ್ನು ಅರಿಯಬೇಕಾದರೆ, ಯಳಂದೂರು ಸೀಮೆಯ ಹೊಸದೊಂದು ನೀರಿನ ತೊಟ್ಟಿಯ ಒಡಲೊಳಗೆ ನಲವತ್ತು ಅಡಿ ಮೆಟ್ಟಿಲು ಹತ್ತಬೇಕು, ಬೈಗುಳವನ್ನೂ ಸಹಿಸಬೇಕು.

“ಬಿಚ್ಲಾ ಬೋಳಿಮಗ್ನೆ. ಫೋಟೋ ತಗ್ದಾಯ್ತಲ್ಲ, ಇನ್ನೇನ್ ಪೂಜೆ ಮಾಡ್ಕಂಡ್ ಕೂತಿದ್ದೀಯಾ?”

ಬೈದವನು ಕಂಟ್ರಾಕ್ಟರ್ ಶಿವಶಂಕರ. ಬೈಸಿಕೊಂಡವನು ಅವನ ಫಿಟ್ಟರ್ ಪುಟ್ಟಮಾದಪ್ಪ. ಮೆಟ್ಟಿಲು ಮುಗಿಯುವಲ್ಲಿ, ತೊಟ್ಟಿಯ ತಳದಡಿಯ ದುಂಡನೆಯ ಕೋಣೆಯಲ್ಲಿ ಆಳೆತ್ತರದ ಪಂಪಿನ ಪ್ಯಾನೆಲ್ ನಿಂತಿತ್ತು. ಭೂಮಿ ನಡುಗಿದರೂ ಉರುಳದಂತೆ ಅದರ ನಾಲ್ಕು ಮೂಲೆಗೂ ಹೆಬ್ಬೆರಳು ದಪ್ಪದ ಬೋಲ್ಟು ಬಿಗಿಯಬೇಕೆಂದು ನಕ್ಷೆಯಲ್ಲಿತ್ತು. ಶಿವಶಂಕರನ ಬಳಿ ಇದ್ದುದು ನಾಲ್ಕೇ. ಎಂಟು ತೊಟ್ಟಿಗಳಲ್ಲಿ ಅವೇ ನಾಲ್ಕು ಬಿಲ್ಲಿಗೆ ಲಗತ್ತಿಸುವ ಫೋಟೋಕ್ಕೆ ನಿಂತು ಪುಟ್ಟಮಾದಪ್ಪನ ಚೀಲಕ್ಕೆ ಮರಳಿದ್ದವು. ಇದು ಒಂಬತ್ತನೆಯದು. ಮುಂದಿನದು ಹನೂರಿನದು.

ಹೋದ ಆಷಾಢದಲ್ಲಿ ನೆಲ ನಡುಗಿದಾಗ ಅಂಗಳದ ಕೊಡಗಳು ತುಳುಕಿದ್ದವಷ್ಟೆ. ಮೇಲೆ ಮಾತ್ರ ಆ ಎಂಟರಲ್ಲೊಂದು ತೊಟ್ಟಿ ಇಡಿಯಾಗಿ ಓಲಾಡಿತ್ತು. ಅದು ಬೀಳಲಿಲ್ಲ, ಒಳಗಿದ್ದ ಪ್ಯಾನೆಲ್ ಬಿತ್ತು. ಅದರಡಿ ಸಿಕ್ಕು ಸತ್ತವನು ನೀರುಗಂಟಿ ಮಾದು, ಪುಟ್ಟಮಾದಪ್ಪನ ತಮ್ಮ. ಅಂದಿನಿಂದ ಯಾವ ಪ್ಯಾನೆಲಿಗೆ ಸ್ಪ್ಯಾನರ್ ಹಚ್ಚಿದರೂ ತಗಡಿನ ಹಿಂದೆ ಯಾರೋ ಉಸಿರು ಬಿಗಿಹಿಡಿದಂತೆ ಅವನಿಗೆ ಕೇಳುತ್ತಿತ್ತು. ಮಾದು ಸೇದುತ್ತಿದ್ದ ಬೀಡಿಯ ವಾಸನೆಯೂ ಬರುತ್ತಿತ್ತು.

ಮಾದುವಿನ ಕೆಲಸ ಹೆಂಡತಿ ಶಿವಮ್ಮನಿಗೆ ಸಿಕ್ಕಿತ್ತು, ಇದೇ ತೊಟ್ಟಿಯಲ್ಲಿ, ಸೋಮವಾರದಿಂದ. ಅವಳು ಆಗಲೇ ಬಂದು ಪ್ಯಾನೆಲಿನ ಧೂಳೊರೆಸುತ್ತಿದ್ದಳು.

“ಇದು ಬೀಳಕಿಲ್ವಲ್ಲ ಬಾವ? ನಿಮ್ ತಮ್ಮನ್ಗಿಂತ ಇದೇ ವಾಸಿ, ಪಕ್ದಲ್ ನಿಂತ್ಕಂಡ್ ಗೊರ್ಕೆ ಒಡಿಯಕಿಲ್ಲ.”

ಪುಟ್ಟಮಾದಪ್ಪ ಶಿವಶಂಕರನತ್ತ ತಿರುಗಿದ. “ಸಾ, ಈ ನಾಕು ಇಲ್ಲೇ ಇರ್ಲಿ. ಅನೂರಿಗ್ ಬ್ಯಾರೆ ತರ್ಸಿ.”

“ನೀನ್ಯಾವನ್ಲಾ ಏಳಕೆ? ಅಲ್ಲಿ ಇಂಜಿನೇರು ಕಾಯ್ತಾವ್ರೆ. ಭೂಮ್ತಾಯಿಗೇನು ದಿನಾ ನಿಮ್ ಕೇರಿಯವರ್ ಮೇಲೇ ಕಣ್ಣಾ? ನಿನ್ ತಮ್ಮನ್ ಎಣ ಬಿದ್ದಿದ್ಕೆ ತಾನೆ ಇವಳಿಗೆ ಅನ್ನ ಉಟ್ಟಿದ್ದು.”

ಪುಟ್ಟಮಾದಪ್ಪ ಸ್ಪ್ಯಾನರ್ ಕೆಳಗಿಟ್ಟ. ಉಳಿ, ಸುತ್ತಿಗೆ ತೆಗೆದು ಬೋಲ್ಟಿನ ತಲೆಯ ಮೇಲೆ ಬಾರಿಸತೊಡಗಿದ.

“ಅಂಗ್ ಒಡಿ,” ಎಂದ ಶಿವಶಂಕರ. “ಬಿಗಿ ಬಿಟ್ಕಳ್ಳಿ.”

ಒಂದಾದ ಮೇಲೊಂದರಂತೆ ನಾಲ್ಕೂ ತಲೆಗಳ ಮೂಲೆಗಳು ಕೆತ್ತಿಹೋಗಿ ಗೋಲಿಯಂತೆ ನುಣ್ಣಗಾದವು. ಶಿವಶಂಕರ ತಾನೇ ಕುಕ್ಕರಿಸಿ ಸ್ಪ್ಯಾನರ್ ಹಾಕಿದ. ಅದು ಹಿಡಿತ ಸಿಗದೆ ಜಾರಿ ಅವನ ಗೆಣ್ಣು ತರಚಿತು.

“ಏನ್ ಮಾಡ್ದಲಾ ಸೂಳೇಮಗ್ನೆ?”

“ಇನ್ ಅದ್ನ ಯಾರೂ ಬಿಚ್ಚಕಾಗಕಿಲ್ಲ ಸಾ. ಅನೂರ್ಗೆ ಓಯ್ತೀನಿ. ಇಂಜಿನೇರ್ನ ಆ ಎಂಟು ತೊಟ್ಟಿಗೂ ಅತ್ತಿಸ್ತೀನಿ. ಬಿಚ್ಚಿದ್ ಕೈ ನಂದೇ ಅಂತ್ಲೂ ಏಳ್ತೀನಿ.”

ಧೂಳೊರೆಸುತ್ತಿದ್ದ ಬಟ್ಟೆ ನಿಂತಿತು. ಶಿವಮ್ಮ ತಿರುಗಿದಳು.

“ಅವರ್ ಮೇಲ್ ಬಿತ್ತಲ್ಲ, ಅದ್ನೂ ಬಿಚ್ಚಿದ್ದು ನೀವೇನಾ ಬಾವ?”

“ಊಂ ಕಣಮ್ಮ. ಅದೂ ನಾನೇ.”

ಶಿವಶಂಕರನ ಫೋನು ಬಡಿದುಕೊಳ್ಳುತ್ತಿತ್ತು, ಅವನು ಎತ್ತಲಿಲ್ಲ. ಪುಟ್ಟಮಾದಪ್ಪ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿ, ಬಾಯಿಗೆ ದಾರ ಬಿಗಿದು, ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ರಸ್ತೆ ಸೇರಿದ. ಹನೂರಿನ ದಾರಿಯ ಕೊಳ್ಳೇಗಾಲದ ಬಸ್ಸಿಗೆ ಕೈ ಅಡ್ಡ ಹಿಡಿದ.